ಉಚ್ಚಂಗಮ್ಮನ ಮೊಳಕೈ

ಬೆಳಕು ಹರಿಯುವ ಮುನ್ನವೇ ಯಲ್ಲದಕೆರೆಯ ಉಚ್ಚಂಗಮ್ಮ ಅಂಟುವಾಳದ ಪುಡಿ ಕಲಸುತ್ತಾರೆ. ನೊರೆ ಬೋಗುಣಿಯ ಅಂಚು ಮೀರುತ್ತದೆ. ಒಂದೊಂದೇ ಗುಳ್ಳೆ ಎದ್ದು ಬೇಲಿಯ ಮೇಲೆ ತೇಲಿ, ಎತ್ತ ಹೋಯಿತೆಂದು ತಿಳಿಯದಂತೆ ಕರಗುತ್ತದೆ. ಅವರು ಮೈಮರೆತು ನೋಡುತ್ತಾರೆ. ಐವತ್ತರ ಹೆಂಗಸಿಗೆ ನೊರೆಯ ಮೇಲೆ ಇನ್ನೂ ಇಷ್ಟು ಮೋಹ! ಆದರೆ ಇವತ್ತು ಸಂತೆ. ಅಲ್ಲಿ ನಿಜ ಹೇಳುವುದೋ ಮುಚ್ಚಿಡುವುದೋ ಎಂಬ ಚಿಂತೆ ಎದೆಯಲ್ಲಿ ಕುಳಿತಿದೆ.

ಹಿರಿಯೂರು ಸಂತೆಯಲ್ಲಿ ತಲೆ ತೊಳೆಯುವ ಪುಡಿ ಮಾರುವವರಿಗೆ ಒಂದು ಕಟ್ಟಳೆ ಉಂಟು. ಯಾರ ಚೀಲವೇ ಆಗಲಿ, ಮೊದಲು ಚಿಟಿಕೆ ಪುಡಿ ಕಲಸಿ ಉಚ್ಚಂಗಮ್ಮನ ಮೊಳಕೈಯ ಒಳಬದಿಗೆ ಹಚ್ಚಿ, ಹರಳೆಲೆ ಸುತ್ತಬೇಕು. ಒಂದು ಹಗಲು ಕಳೆದು ಎಲೆ ಬಿಚ್ಚಿದಾಗ ಚರ್ಮ ಕೆಂಪಾಗಿದ್ದರೆ ಆ ಚೀಲ ಬಂದ ದಾರಿ ಹಿಡಿಯುತ್ತದೆ. ನೊರೆ ಹೆಚ್ಚಲೆಂದು ಅಗಸರು ಬಟ್ಟೆ ಒಗೆಯುವ ಖಾರದ ಸವುಳು ಮಣ್ಣು ಬೆರೆಸುವ ಚಾಲಾಕಿಗಳಿದ್ದಾರಲ್ಲ, ಅವರಿಗಾಗಿ ಈ ಏರ್ಪಾಡು. ವಾರಕ್ಕೆ ಏಳೆಂಟು ಚೀಲ, ಹೀಗೇ ಇಪ್ಪತ್ತು ವರ್ಷ. ಚೀಲಕ್ಕೊಂದು ಪಾವು ರಾಗಿ ಕೂಲಿ. ಮಾರಿಕಣಿವೆಯಲ್ಲಿ ಕಟ್ಟೆ ಕಟ್ಟಿದವರನ್ನು ಸೀಮೆಯೆಲ್ಲ ಹೊಗಳುತ್ತದೆ. ಈ ತಾಯಿಯ ಹೆಸರು ಸಂತೆ ಮಾಳದ ಆಚೆ ಯಾರಿಗೂ ಗೊತ್ತಿಲ್ಲ.

ಹೋದ ವಾರ ವ್ಯಾಪಾರಿ ಎತ್ತಪ್ಪನ ಪುಡಿಗೆ ಮೊಳಕೈ ಕೆಂಪಾಗಲಿಲ್ಲ. ಅದರಲ್ಲೇ ತಲೆ ತೊಳೆದುಕೊಂಡ ಬಾಣಂತಿ ಹುಚ್ಚಕ್ಕನ ನೆತ್ತಿಯಲ್ಲಿ ಬೊಬ್ಬೆ ಎದ್ದವು. ಸುದ್ದಿ ಕೇಳಿ ಉಚ್ಚಂಗಮ್ಮ ಆ ಪುಡಿಯನ್ನು ಕುತ್ತಿಗೆಗೂ ಮೊಳಕೈಗೂ ಹಚ್ಚಿಕೊಂಡರು. ಕತ್ತು ಧಗಧಗ ಉರಿಯಿತು. ಕೈಗೆ ಏನೂ ಆಗಲಿಲ್ಲ.

"ಇಪ್ಪತ್ತು ವರ್ಷ ಹಚ್ಚಿ ಹಚ್ಚಿ ತೊಗಲು ದಡ್ಡುಗಟ್ಟೈತೆ. ಆ ಕೂಸಿನ ತಾಯಿ ಎಷ್ಟು ಉರಿ ತಿಂದ್ಲೋ," ಎನ್ನುವಾಗ ಅವರ ಕಣ್ಣು ತುಂಬುತ್ತದೆ.

ಸಂತೆಗೆ ಕಾಲಿಡುತ್ತಲೇ ಎತ್ತಪ್ಪ ಅಡ್ಡ ಬರುತ್ತಾನೆ. "ಸುಮ್ನಿರಕ್ಕ. ಬಾಯಿ ಬಿಟ್ರೆ ನಿನ್ ರಾಗೀನೂ ಹೋತು, ನನ್ ಯಾಪಾರಾನೂ ಹೋತು."

ಉಚ್ಚಂಗಮ್ಮ ಅವನನ್ನು ದಾಟಿ ನಡುಸಂತೆಯಲ್ಲಿ ನಿಲ್ಲುತ್ತಾರೆ. "ಎಲ್ಲಾ ಕೇಳ್ರಿ! ಹುಚ್ಚಕ್ಕನ ತಲೆ ಸುಟ್ಟಿದ್ದು ನಾನು ಹೂಂ ಅಂದ ಪುಡೀನೇ. ನನ್ ಕೈ ಕೆಟ್ಟೈತೆ, ಇನ್ನು ನಂಬಬ್ಯಾಡ್ರಿ. ಈ ವಾರ ಚಿಟಿಕೆ ಇಸ್ಕಂಡು ನಿಮ್ ನಿಮ್ ಕೈಗೇ ಹಚ್ಚಿ ನೋಡ್ರಿ. ಉರೀಲಿಲ್ಲ ಅಂದ್ರೆ ಮುಂದಿನ ವಾರ ಕೊಳ್ರಿ."

ಆಮೇಲೆ ಒಬ್ಬೊಬ್ಬರೇ ಹೆಂಗಸರು ಚಿಟಿಕೆ ಪುಡಿಗೆ ಅಂಗೈ ಚಾಚುತ್ತಾರೆ. ಎತ್ತಪ್ಪ ಗೊಣಗುತ್ತ ಚೀಲ ಕಟ್ಟುತ್ತಾನೆ.

ಇದ್ದೊಂದು ಕೂಲಿ ಕಳೆದುಕೊಂಡಿರಲ್ಲ, ಬೇಜಾರಿಲ್ಲವೇ ಎಂದರೆ ಉಚ್ಚಂಗಮ್ಮ ಸೆರಗಿನಿಂದ ಮೊಳಕೈ ಒರೆಸಿಕೊಳ್ಳುತ್ತಾರೆ.

"ಯಾರ ಮನೇಲಾದ್ರೂ ಬೀಸಿ ಉಣ್ತೀನಿ ಬಿಡ್ರಿ. ಸುಳ್ಳು ಹೇಳಿದ್ದು ಕೈ ಕಣ್ರಿ, ನಾನಲ್ಲ."