ಉತ್ತರಕ್ಕೆ ತಲೆ

ನನ್ನ ಮೇಜಿನ ಮೇಲೆ ಒಂದು ಅಯಸ್ಕಾಂತವಿದೆ. ಒಂದು ತುದಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಬಳಿದ ಬೆರಳುದ್ದದ ಪಟ್ಟಿ. ಮೊನ್ನೆ ನಮ್ಮ ಕಾಲೇಜಿನಲ್ಲಿ ವಿಜ್ಞಾನ ಮತ್ತು ಮಾನವಿಕಗಳಲ್ಲಿ ಧ್ರುವೀಯತೆ ಎಂಬ ವಿಚಾರ ಸಂಕಿರಣ ನಡೆಯಿತು. ಬೆಳಗಿನ ಗೋಷ್ಠಿಯಲ್ಲಿ ಭೌತಶಾಸ್ತ್ರದವರು ಇದನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟು ತೋರಿಸಿದರು. ಮಧ್ಯಾಹ್ನ ಸಮಾಜಶಾಸ್ತ್ರದವರು ಧ್ರುವೀಕರಣ, ಧ್ರುವೀಕರಣ ಎಂದು ಮೇಜು ಕುಟ್ಟಿ ಮಾತಾಡಿದರು. ಕನ್ನಡ ವಿಭಾಗದ ಪರವಾಗಿ ನಾನು ನಿಂತಾಗ ಅರ್ಧ ಸಭೆ ಊಟದ ಮಂಪರಿನಲ್ಲಿ ತೂಕಡಿಸುತ್ತಿತ್ತು. ವಿರುದ್ಧಾರ್ಥಕ ಪದಗಳ ಬಗ್ಗೆ ಏನೋ ನಾಲ್ಕು ಮಾತಾಡಿ ಇಳಿದೆ. ಹೊರಡುವಾಗ ಭೌತಶಾಸ್ತ್ರದವರು ಇದನ್ನು ಕೈಗಿತ್ತು, "ಇಟ್ಕೊಳ್ಳಿ ಮೇಡಂ, ಮನೇಲಿ ಮಕ್ಕಳಿಗೆ" ಎಂದರು. ಮನೆಯಲ್ಲಿ ಮಕ್ಕಳಿಲ್ಲ. ಸಂಜೆ ನಾನೇ ದಾರ ಕಟ್ಟಿ ತೂಗುಬಿಟ್ಟೆ. ಅದು ಆಚೀಚೆ ತಿರುಗಿ ತಿರುಗಿ, ಸುಸ್ತಾದ ಹಾಗೆ ನಿಂತು, ಉತ್ತರ ತೋರಿಸಿತು... ಆಗ ಬೆಂದ ರೇಷ್ಮೆಗೂಡಿನ ವಾಸನೆ ಬಂತು. ಕನಕಪುರದ ಈ ಬಾಡಿಗೆ ಮನೆಯಲ್ಲಿ ಆ ವಾಸನೆ ಬರಲು ಕಾರಣವೇ ಇಲ್ಲ.

ಅದು ನಾನು ಚಿಕ್ಕವಳಿದ್ದಾಗಿನ ಪಕ್ಕದ ಮನೆಯ ನಾನಿಯ ವಾಸನೆ.

ಅಪ್ಪ ಅಮ್ಮ ಗುಡೇಮಾರನಹಳ್ಳಿಯಲ್ಲಿ ಹೊಲ ನೋಡಿಕೊಂಡಿದ್ದರು. ನಾನು ಹೈಸ್ಕೂಲು ಓದಲು ರಾಮನಗರದಲ್ಲಿ ಅಜ್ಜಿಯ ಜೊತೆಗಿದ್ದೆ. ನಮ್ಮ ಮನೆಗೂ ಮೂಡಲ ಪಕ್ಕದ ಸಾಯಿಬರ ಮನೆಗೂ ನಡುವೆ ಒಂದೇ ಕಲ್ಲುಗೋಡೆ. ಆ ಮನೆಯ ಹಿತ್ತಿಲಲ್ಲಿ ನಾನಿಯ ಗಂಡುಮಕ್ಕಳು ರೇಷ್ಮೆ ನೂಲು ಬಿಚ್ಚುವ ಯಂತ್ರ ಇಟ್ಟಿದ್ದರು. ಬೆಳಗಾದರೆ ಗೂಡು ಬೇಯುವ ಆವಿ ಗೋಡೆ ಹತ್ತಿ ನಮ್ಮ ಅಂಗಳಕ್ಕೆ ಇಳಿಯುತ್ತಿತ್ತು. ಆ ಆವಿಯೊಳಗಿಂದಲೇ ಎಂಬಂತೆ ನಾನಿ ಬರುತ್ತಿದ್ದರು. ಬಿಸಿನೀರಿನಲ್ಲಿ ಇಡೀ ಆಯುಷ್ಯ ನೆನೆದು ಬೆಳ್ಳಗಾಗಿದ್ದ ಬೆರಳುಗಳು. ಯಂತ್ರದ ಸದ್ದು ಕೇಳಿ ಕೇಳಿ ಕಿವಿ ಒಸಿ ಮಂದ. ಉರ್ದುವಿನಲ್ಲಿ ನಾನಿ ಎಂದರೆ ತಾಯಿಯ ತಾಯಿ. ನಮ್ಮ ಬೀದಿಗೆಲ್ಲ ಅವರೇ ನಾನಿ.

ಅಜ್ಜಿ ಮೂರು ಬೆರಳು ವಿಭೂತಿ ಇಟ್ಟುಕೊಂಡು ಜಗಲಿಯಲ್ಲಿ ಕೂತರೆ ನಾನಿ ಎಲೆಯಡಿಕೆ ಚೀಲ ಹಿಡಿದು ಎದುರಿಗೆ ಕೂರುತ್ತಿದ್ದರು. ಯಾವ ಮಾತಿನಲ್ಲೂ ಇಬ್ಬರದು ಒಂದೇ ಅಭಿಪ್ರಾಯ ಎಂಬುದಿರಲಿಲ್ಲ. ಅಜ್ಜಿ ಸಾರಿಗೆ ಹುಳಿ ಮುಂದು ಅಂದರೆ ನಾನಿ ಖಾರ ಮುಂದು ಅನ್ನುವರು. ಎಣ್ಣೆ ಸೀಗೆಕಾಯಿ ಎಂದು ಬೀದಿಯವರು ನಗುತ್ತಿದ್ದರು. ಎಣ್ಣೆಯೂ ಸೀಗೆಕಾಯಿಯೂ ಸೇರುವುದು ಒಂದೇ ತಲೆಯ ಮೇಲೆ ಎಂಬುದನ್ನು ಮಾತ್ರ ಯಾರೂ ಗಮನಿಸಿದಂತಿರಲಿಲ್ಲ.

ಜಗಳದ ದೊಡ್ಡ ವಿಷಯವೆಂದರೆ ಮಂಚ. ಗೋಡೆಯ ಈಚೆ ಅಜ್ಜಿಯ ಕೋಣೆ, ಆಚೆ ನಾನಿಯ ಕೋಣೆ. ಎರಡೂ ಮಂಚದಷ್ಟೇ ಉದ್ದ. ಸರಿಸಲು ಗೇಣು ಜಾಗವಿಲ್ಲ. ಅಜ್ಜಿ ದಕ್ಷಿಣಕ್ಕೆ ತಲೆ ಹಾಕುತ್ತಿದ್ದರು. ನಾನಿ ಉತ್ತರಕ್ಕೆ ತಲೆ ಹಾಕಿ, ಬಲ ಮಗ್ಗುಲಾಗಿ, ಪಡುವಲಕ್ಕೆ ಮುಖ ಮಾಡಿ ಮಲಗುತ್ತಿದ್ದರು. ಕಾಬಾ ಇರುವುದು ಆ ದಿಕ್ಕಿಗೆ. "ಕಾಬಾ ಕಡೆ ತಿರುಗಿದ್ರೆ ಮೊದ್ಲು ಸಿಗೋದು ನಿಮ್ಮಜ್ಜಿ ಗೋಡೇನೇಯ" ಎಂದು ನನ್ನೊಡನೆ ನಗುತ್ತಿದ್ದರು.

"ಉತ್ತರಕ್ಕೆ ತಲೆ ಹಾಕಿದ್ದಕ್ಕೇ ಕಣವ್ವ ಆ ಆನೆ ತಲೆ ಕಳ್ಕಂಡಿದ್ದು. ನಮ್ ಗಣಪತಿ ಹೆಗಲ ಮ್ಯಾಲೆ ಇವತ್ಗೂ ಐತೆ" ಎನ್ನುವರು ಅಜ್ಜಿ.

"ನಮ್ಮೋರೆಲ್ಲ ಗೋರಿಯೊಳ್ಗೆ ಉತ್ತರಕ್ಕೇ ತಲೆ ಹಾಕಂಡು ಮಲ್ಗವ್ರೆ. ಒಬ್ರೂ ಎದ್ದು ಬಂದು ದೂರು ಹೇಳಿಲ್ಲ."

"ಅದ್ಕೇ ಎದ್ದಿಲ್ಲ ಕಣವ್ವ."

ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಗುವರು. ಆ ವರ್ಷ ಸ್ಕೂಲಿನಲ್ಲಿ ನಮಗೆ ಅಯಸ್ಕಾಂತದ ಪಾಠ. ಸಜಾತೀಯ ಧ್ರುವಗಳು ವಿಕರ್ಷಿಸುತ್ತವೆ, ವಿಜಾತೀಯ ಧ್ರುವಗಳು ಆಕರ್ಷಿಸುತ್ತವೆ ಎಂದು ನಾನು ಜಗಲಿಯಲ್ಲಿ ಕೂತು ಉರು ಹೊಡೆಯುತ್ತಿದ್ದರೆ ನಾನಿ ತಲೆದೂಗುತ್ತಾ ಕೇಳುತ್ತಿದ್ದರು, ಅರ್ಥವಾದವರ ಹಾಗೆ. ಮೇಷ್ಟ್ರು ಲ್ಯಾಬಿನ ಪೆಟ್ಟಿಗೆ ತೆರೆದು ತೋರಿಸಿದ್ದನ್ನೂ ಹೇಳಿದೆ. ಅದರಲ್ಲಿ ಎರಡು ಅಯಸ್ಕಾಂತ, ಒಂದರ ತಲೆಗೆ ಇನ್ನೊಂದರ ಕಾಲು ಬರುವಂತೆ, ನಡುವೆ ಒಂದು ಮರದ ಪಟ್ಟಿ. ಹೀಗೆ ಅದಲುಬದಲಾಗಿ ಜೊತೆಗಿಟ್ಟರೆ ಬಹಳ ಕಾಲ ಬಾಳುತ್ತವೆ, ಒಂಟಿಯಾಗಿಟ್ಟರೆ ಬರಬರುತ್ತಾ ಶಕ್ತಿ ಕಳೆದುಕೊಳ್ಳುತ್ತವೆ ಎಂದಿದ್ದರು ಮೇಷ್ಟ್ರು. "ಅಂಗಾದ್ರೆ ನಾವು ಸರ್ಯಾಗೇ ಮಲ್ಗಿದೀವಿ ಬುಡು" ಎಂದರು ನಾನಿ.

ಆ ಚಳಿಗಾಲ ಅಜ್ಜಿಗೆ ಉಬ್ಬಸ ಹೆಚ್ಚಾಯಿತು. ಕೂಗೋಣವೆಂದರೆ ದನಿ ಹೊರಡುತ್ತಿರಲಿಲ್ಲ. ನಾನು ಪಕ್ಕದಲ್ಲಿ ಮಲಗಿದ್ದರೂ ಒಂದೇ ಮಲಗದಿದ್ದರೂ ಒಂದೇ. ತಮಟೆ ಬಡಿದರೂ ಏಳದ ನಿದ್ದೆ ನನ್ನದು. "ಇವಳನ್ನ ಎಬ್ಬಿಸೋಕಿಂತ ಗೋಡೆ ಎಬ್ಬಿಸೋದು ಸಲೀಸು" ಎಂದರು ಅಜ್ಜಿ. ಗೋಡೆ ತಟ್ಟಿದರೆ ಹಿತ್ತಲ ಬಾಗಿಲಿಂದ ಬಿಸಿನೀರು ಹಿಡಿದು ಬರುತ್ತೇನೆಂದು ನಾನಿ ಮಾತು ಕೊಟ್ಟರು. ಒಂದು ಹಗಲು ತಟ್ಟಿಯೂ ನೋಡಿದೆವು. ಅಜ್ಜಿಯ ಕೈಗೆ ಎಟುಕುವುದು ದಕ್ಷಿಣದ ಮೂಲೆ, ನಾನಿಯ ಕಿವಿ ಇರುವುದು ಉತ್ತರದ ಮೂಲೆಯಲ್ಲಿ. ನಾನಿಗೆ ಏನೂ ಕೇಳಿಸಲಿಲ್ಲ.

"ಕಾಲಲ್ಲಿ ಒದಿ" ಎಂದರು ನಾನಿ. "ನಿನ್ ಕಾಲ ತಾವೇ ತಾನೆ ನನ್ ತಲೆ ಇರೋದು."

ಅಜ್ಜಿ ಮುಖ ತಿರುಗಿಸಿಬಿಟ್ಟರು. "ನಿನ್ ತಲೆ ಇರೋ ಕಡೀಕೆ ಕಾಲೆತ್ತಿ ಒದೀಲಾ? ಉಸ್ರು ಹೋದ್ರೂ ಒದೆಯಕಿಲ್ಲ."

ಮಾತು ಅಲ್ಲಿಗೇ ನಿಂತಿತು. ನನಗೆ ಭಯವಾಗಿತ್ತು. ಅಜ್ಜಿ ನಿಜಕ್ಕೂ ಒದೆಯುವವರಲ್ಲ, ನನಗೆ ನಿಜಕ್ಕೂ ಎಚ್ಚರವಾಗುವುದಿಲ್ಲ.

ಕೆಲವು ದಿನ ಕಳೆದು ಒಂದು ಬೆಳಗ್ಗೆ ಎದ್ದಾಗ ನಾನಿ ನಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ನಮಾಜಿಗೆ ಎದ್ದವರು, ಅಜ್ಜಿ ಹೇಗಿದ್ದಾರೋ ನೋಡೋಣವೆಂದು ಹಿತ್ತಲ ಬಾಗಿಲಿಂದ ಬಂದಿದ್ದರು. ಅಜ್ಜಿ ಒರಗಿ ಕೂತಿದ್ದರು, ತುಟಿ ನೀಲಿಗಟ್ಟಿತ್ತು. ದಿಂಬು ಉತ್ತರದ ಕಡೆಗಿತ್ತು. ನನಗೆ ಮೊದಲು ಕಂಡದ್ದೇ ಅದು.

"ತಟ್ದೆ, ತಟ್ದೆ... ಉತ್ತರಾನೇ ಇಲ್ಲ ನಿಂದು" ಎಂದರು ಅಜ್ಜಿ, ಒಂದೊಂದೇ ಮಾತು ಎಳೆದು.

"ಎತ್ಲಾಗೆ ತಟ್ದೆ?"

"ಉತ್ತರಕ್ಕೆ. ನಿನ್ ತಲೆ ತಾವೇ ಇರ್ಲಿ ಅಂತ ನಿನ್ನೆ ನಾನೂ ಅತ್ಲಾಗೇ ಹಾಕ್ಕಂಡೆ."

ನಾನಿ ದಿಂಬಿನ ಕಡೆ ನೋಡಿದರು. ಆಮೇಲೆ ಮಂಚದ ಅಂಚಿನಲ್ಲಿ ಕೂತು, "ನಾನು ನಿನ್ನೆ ದಕ್ಷಿಣಕ್ಕೆ ಹಾಕ್ಕಂಬುಟ್ಟಿದ್ದೆ ಕಣವ್ವ" ಎಂದರು.

ಅಜ್ಜಿ ನಕ್ಕರು. ನಕ್ಕು ಮತ್ತೆ ಉಬ್ಬಸ ಬಂದು, ನಾನಿ ಬೆನ್ನು ನೀವುತ್ತಾ ತಾವೂ ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ... ಆ ಬೆಳಗಿನ ಆವಿಯೊಳಗೆ ಇಬ್ಬರೂ ಕನಸಿನವರಂತೆ ಕಾಣುತ್ತಿದ್ದರು. ಇಬ್ಬರಿಗೂ ಅದು ಸಣ್ಣ ಮಾತಾಗಿರಲಿಲ್ಲ. ಅಜ್ಜಿ ತಲೆ ಹಾಕಲೇಬಾರದೆಂದು ನಂಬಿದ ಕಡೆಗೆ ತಲೆ ಹಾಕಿದ್ದರು, ನಾನಿ ಬಲ ಮಗ್ಗುಲ ರೂಢಿ ಬಿಡದೆಯೇ ಕಾಬಾಕ್ಕೆ ಬೆನ್ನು ಮಾಡಿದ್ದರು. ಇಬ್ಬರೂ ಒಟ್ಟಿಗೇ ತಿರುಗಿದ್ದರಿಂದ ಇದ್ದ ಹಾಗೇ ಉಳಿದಿದ್ದರು.

ಅವತ್ತು ನಾನಿ ದಿಂಬನ್ನು ತಾವೇ ಎತ್ತಿ ದಕ್ಷಿಣಕ್ಕೆ ಹಾಕಿದರು. "ನೀನೂ ತಿರುಗ್ಬ್ಯಾಡ, ನಾನೂ ತಿರುಗಕಿಲ್ಲ. ಒದಿ. ನನ್ ತಲೆಗೇನಾಗ್ತದೆ? ನಿನ್ ಉಸ್ರು ನಿಂತ್ರೆ ನಾನ್ ಯಾರ್ ಕುಟ್ಟೆ ಜಗಳ ಆಡ್ಲಿ?" ಎಂದರು.

ಅಂದಿನಿಂದ ಅಜ್ಜಿ ಒದೆಯತೊಡಗಿದರು. ಗೋಡೆಯಾಚೆಯಿಂದ ಬೆರಳ ಗೆಣ್ಣಿನ ಟಕ್ ಟಕ್ ಉತ್ತರ ಬರುವುದು, ಹಿಂದೆಯೇ ಬಿಸಿನೀರಿನ ಪಾತ್ರೆ ಹಿಡಿದ ನಾನಿ. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮಲ್ಲಿ ರೂಢಿಯಲ್ಲವೇ. ಬೆಳಗ್ಗೆ ಎದ್ದ ಕೂಡಲೇ ಅಜ್ಜಿ ಉತ್ತರದ ಮೂಲೆಯಲ್ಲಿ ಗೋಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಅಲ್ಲಿಯ ಸುಣ್ಣ ಅವರ ಕೈಯೆಣ್ಣೆಗೆ ಮಾಸಿತ್ತು. ಯಾವ ದೇವರು ಎಂದು ಬಂದ ನೆಂಟರು ಕೇಳಿದರೆ ಅಜ್ಜಿ ಹೇಳುತ್ತಿರಲಿಲ್ಲ.

ನಾನು ಬಿ.ಎ. ಓದುವಾಗ ಒಂದು ಬೆಳಗ್ಗೆ ಅಜ್ಜಿ ಒದ್ದರೂ ಉತ್ತರ ಬರಲಿಲ್ಲ. ಮತ್ತೆ ಒದ್ದರು. ಆಮೇಲೆ ಆಚೆ ಮನೆಯಿಂದ ಅಳು ಕೇಳಿಸಿತು. ನಾನಿ ನಿದ್ದೆಯಲ್ಲೇ ಹೋಗಿದ್ದರು.

ಮಣ್ಣು ಮುಗಿಸಿಕೊಂಡು ಬಂದ ದೊಡ್ಡ ಮಗ ನಮ್ಮ ಜಗಲಿಯ ಬಳಿ ನಿಂತ. ಅಜ್ಜಿ ಅಳಲಿಲ್ಲ. "ತಲೆ ಎತ್ಲಾಗೆ ಹಾಕುದ್ರಪ್ಪಾ?" ಎಂದು ಕೇಳಿದರು.

"ಉತ್ತರಕ್ಕೆ ಕಣಮ್ಮ. ನಮ್ಮಲ್ಲಿ ಹಂಗೇಯ."

"ಮೊಕ?"

"ಪಡುವಲಕ್ಕೆ."

"ಹಂಗಾರೆ ನಮ್ ಗೋಡೆ ಕಡೀಕೇ" ಎಂದು ಅಜ್ಜಿ ಎದ್ದು ಒಳಗೆ ಹೋದರು.

ಆಮೇಲೆ ಅಪ್ಪ ಅಜ್ಜಿಯನ್ನು ಗುಡೇಮಾರನಹಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಅವರ ಮಂಚದ ಪಕ್ಕದ ಗೋಡೆಯಾಚೆ ಇದ್ದದ್ದು ದನದ ಕೊಟ್ಟಿಗೆ. ಅಲ್ಲಿಯೂ ಅಜ್ಜಿ ದಿನವೂ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಜಗಳಕ್ಕೆ ಯಾರೂ ಇರಲಿಲ್ಲ. ಸಾರಿನ ಹುಳಿಯ ಬಗ್ಗೆಯೂ ಅವರು ಮಾತಾಡುವುದನ್ನು ಬಿಟ್ಟರು. ಮುಂದಿನ ಚಳಿಗಾಲ ಅವರು ದಾಟಲಿಲ್ಲ.

ಈಗ ನನ್ನ ಮಂಚದ ಪಕ್ಕದಲ್ಲೂ ಒಂದು ಗೋಡೆಯಿದೆ. ಆಚೆ ಯಾರಿದ್ದಾರೋ, ಯಾವ ಕಡೆಗೆ ತಲೆ ಹಾಕುತ್ತಾರೋ ನನಗೆ ಗೊತ್ತಿಲ್ಲ. ಈ ಮನೆಗೆ ಬಂದು ವರ್ಷಗಳಾದವು. ನಿನ್ನೆ ಮಲಗಿದಾಗ ಉತ್ತರದ ಮೂಲೆಗೆ ಮೆಲ್ಲಗೆ ಕಾಲು ತಾಗಿಸಿದೆ. ಎದ್ದು ಆ ಜಾಗ ಮುಟ್ಟಿ ಕಣ್ಣಿಗೊತ್ತಿಕೊಂಡೆ. ಉತ್ತರ ಬರಲಿಲ್ಲ, ಬರುವುದೂ ಇಲ್ಲ. ನಾನಿ ಇಲ್ಲ, ಅಜ್ಜಿಯೂ ಇಲ್ಲ. ಮೊನ್ನೆ ಸಂಕಿರಣದ ವೇದಿಕೆಯ ಮೇಲೆ ನಿಂತಾಗ ಇವರಿಬ್ಬರ ಒಂದು ಮಾತೂ ನನಗೆ ನೆನಪಾಗಲಿಲ್ಲ.

ಮೇಜಿನ ಮೇಲಿನ ಅಯಸ್ಕಾಂತ ಒಂಟಿಯಾಗಿದೆ. ನಾಳೆ ಕಾಲೇಜಿಗೆ ಹೋದ ಕೂಡಲೇ ಭೌತಶಾಸ್ತ್ರದವರನ್ನು ಕೇಳಬೇಕು, ಇದರ ಜೊತೆಯದು ಎಲ್ಲಿದೆ ಎಂದು.