ಸ್ಕ್ರೂ ಮೇಷ್ಟ್ರು ಮಗಳಿಗೆ ಕಟ್ಟಿಕೊಟ್ಟ ಲ್ಯಾಪ್‌ಟಾಪ್

ಕಾಲೇಜಿಗೆ ಹೊಸ ಮಕ್ಕಳು ಸೇರುವ ತಿಂಗಳು ಬಂತೆಂದರೆ ಸ್ಕ್ರೂ ಮೇಷ್ಟ್ರ ನಾಲಗೆಗೆ ಸಾಣೆ ಹಿಡಿದಂತಾಗುತ್ತಿತ್ತು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಇಬ್ಬರು ನಿಂತರೆ ಮೂರನೆಯವನು ಬೀದಿಗೆ ಬೀಳುವಷ್ಟು ಜಾಗದಲ್ಲಿ, ಇಪ್ಪತ್ತೆರಡು ವರ್ಷದಿಂದ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದವರು. ಕೇಳಿದ್ದಕ್ಕೂ ಕೇಳದ್ದಕ್ಕೂ ಉಪದೇಶ ಕೊಡುತ್ತಿದ್ದುದರಿಂದ ಮೇಷ್ಟ್ರು ಎಂಬ ಹೆಸರು ಅಂಟಿಕೊಂಡಿತ್ತು.

ಸ್ಕ್ರೂ ಸೇರಿಕೊಂಡದ್ದು ಅವರ ಕೆಲಸದ ಶಿಸ್ತಿನಿಂದ. ಮೇಜಿನ ಮೇಲೆ ನಾಲ್ಕು ಮೂಲೆಗೂ ಟೇಪು ಹಚ್ಚಿ ಅಂಟಿಸಿದ ಒಂದು ಬಿಳಿ ಹಾಳೆ, ಅದರ ತುಂಬ ಪೆನ್ಸಿಲ್ಲಿನಲ್ಲಿ ಬರೆದ ಪುಟ್ಟ ವೃತ್ತಗಳು. ಬಿಚ್ಚಿದ ಸ್ಕ್ರೂ ಒಂದೊಂದೂ ತನ್ನ ತನ್ನ ವೃತ್ತದಲ್ಲೇ ಕೂರಬೇಕು. ಕೆಲಸ ಮುಗಿದು ಮುಚ್ಚಿದ ಮೇಲೆ ಪ್ರತಿ ಸ್ಕ್ರೂವಿನ ತಲೆಗೂ ಕೆಂಪು ನೈಲ್ ಪಾಲಿಶಿನ ಚುಕ್ಕೆ. ಬೇರೆ ರಿಪೇರಿಯವನು ಕೈಯಾಡಿಸಿದರೆ ಚುಕ್ಕೆ ಒಡೆದು ಗುಟ್ಟು ರಟ್ಟಾಗಬೇಕು. ಆ ನೈಲ್ ಪಾಲಿಶ್ ಹೆಂಡತಿಯದು. ಅದನ್ನೂ ಕೇಳಿ ತಂದದ್ದಲ್ಲ.

ಈ ವರ್ಷ ಮೊದಲು ಬಂದವರು ಬ್ಯಾಂಕಿನ ಗುಮಾಸ್ತರು. ಮಗನಿಗೆ ಯಾವ ಲ್ಯಾಪ್‌ಟಾಪ್ ಕೊಳ್ಳಲಿ ಎಂದು ಕೇಳುತ್ತ, ದೊಡ್ಡ ಅಂಗಡಿಯವರು ಕೊಟ್ಟ ಬಣ್ಣದ ಕಾಗದವನ್ನು ಮುಂದಿಟ್ಟರು.

"ಕೀಬೋರ್ಡಲ್ಲಿ ಬಣ್ಣಬಣ್ಣದ ದೀಪ ಹತ್ತುತ್ತಲ್ಲ, ಇದನ್ನೇ ತಗೊಳ್ಳಿ ಅಂದ್ರಾ?" ಮೇಷ್ಟ್ರು ಮೂಗು ಮುರಿದರು. "ಇದು ಆಟದ ಸಾಮಾನು. ಕಂಪ್ಯೂಟರನ್ನ ಮುಖ ನೋಡಿ ತಗೋಬಾರದು ಸ್ವಾಮಿ, ತಿರುವಿ ನೋಡಬೇಕು. ಹಿಂದೆ ಎಷ್ಟು ಸ್ಕ್ರೂ ಇದೆ, ಮುಚ್ಚಳದ ಹಿಂಜು ಗಟ್ಟಿ ಇದೆಯಾ, ಅಷ್ಟೇ."

"ಅಲ್ಲ, ಅವನು ಅನಿಮೇಷನ್ ಓದೋದು, ಅದಕ್ಕೆ..."

"ಏನಾದ್ರೂ ಓದಲಿ. ಮಷೀನಿಗೆ ಅದೆಲ್ಲ ಗೊತ್ತಾಗಲ್ಲ."

ಗುಮಾಸ್ತರು ಬಂದ ದಾರಿ ಹಿಡಿದರು. ತಂದೆ ತಾಯಿಗಳಿಗೆ ಬುದ್ಧಿಯಿಲ್ಲ, ಮಾರುವವರಿಗೆ ಮಾನವಿಲ್ಲ, ಓದುವ ಮಕ್ಕಳಿಗಂತೂ ಎರಡೂ ಇಲ್ಲ ಎಂಬುದು ಮೇಷ್ಟ್ರ ಖಚಿತ ಅಭಿಪ್ರಾಯ. ತಾವೊಬ್ಬರು ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅವರ ಮಗಳು ಕಟ್ಟಡ ವಿನ್ಯಾಸದ ಎರಡನೇ ವರ್ಷದ ಕೊನೆಯಲ್ಲಿದ್ದಳು. ಮೇಷ್ಟ್ರು ಅದನ್ನು "ಅದೇನೋ ಡ್ರಾಯಿಂಗು" ಎನ್ನುತ್ತಿದ್ದರು. ಕಾಲೇಜಿಗೆ ಸೇರಿದಾಗ ಅವಳಿಗೆ ಅಂಗಡಿಯದ್ದನ್ನು ಕೊಡಿಸಿರಲಿಲ್ಲ. ಕೆಟ್ಟು ಬಿದ್ದಿದ್ದ ಮೂರು ಹಳೇ ಮಷೀನುಗಳ ಒಳ್ಳೊಳ್ಳೆಯ ಭಾಗಗಳನ್ನು ತೆಗೆದು, ಒಂದು ತಿಂಗಳು ಕೂತು, ತಾವೇ ಒಂದನ್ನು ಕಟ್ಟಿಕೊಟ್ಟಿದ್ದರು. ಮೇಲಿಂದ ಬಿದ್ದರೆ ನೆಲವೇ ಒಡೆಯಬೇಕು, ಅಷ್ಟು ಗಟ್ಟಿ. ಒಮ್ಮೆ ಅವಳು, "ಅಪ್ಪ, ಸ್ವಲ್ಪ ನಿಧಾನ ಅಲ್ವಾ?" ಅಂದಿದ್ದಳು. "ಮಷೀನು ನಿಧಾನ ಅಲ್ಲ, ನಿನಗೆ ಆತುರ" ಎಂದು ಅವಳ ಬಾಯಿ ಮುಚ್ಚಿಸಿದ್ದರು. ಅವಳು ಮತ್ತೆ ಆ ಸುದ್ದಿ ಎತ್ತಲಿಲ್ಲ. ಮೇಷ್ಟ್ರು ಅದನ್ನು ಒಪ್ಪಿಗೆ ಎಂದುಕೊಂಡರು.

ಮಾರನೆಯ ದಿನ ಮಧ್ಯಾಹ್ನ ಹಿಂಜು ಮುರಿದ ಲ್ಯಾಪ್‌ಟಾಪ್ ಹಿಡಿದು ಒಬ್ಬ ಹೆಂಗಸು ಬಂದರು. ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು, ಈ ಊರಿಗೆ ಹೊಸಬರು. ಮೇಷ್ಟ್ರು ಹಿಂಜು ಕೂರಿಸಿ ಕೆಂಪು ಚುಕ್ಕೆ ಇಡುವುದನ್ನೇ ಆಕೆ ನೋಡುತ್ತ ನಿಂತಿದ್ದರು.

"ಈ ಚುಕ್ಕೆ ಇನ್ನೊಂದು ಮಷೀನಲ್ಲೂ ನೋಡಿದೀನಿ" ಎಂದರು. "ನಮ್ಮ ಎರಡನೇ ವರ್ಷದ ಹುಡುಗಿಯದು."

ಮೇಷ್ಟ್ರ ಎದೆ ಉಬ್ಬಿತು. "ಅದರ ಹತ್ತಿರಕ್ಕೂ ಯಾವ ಹೊಸ ಮಷೀನು ಬರಲ್ಲ."

"ಗಟ್ಟಿಯೇನೋ ಹೌದು. ಡ್ರಾಯಿಂಗ್ ಶೀಟು ಸುರುಳಿ ಸುತ್ತಿಕೊಳ್ಳುತ್ತಲ್ಲ, ಅದರ ಮೇಲೆ ಭಾರಕ್ಕೆ ಇಡ್ತಾಳೆ. ಒಂಚೂರೂ ಕದಲಲ್ಲ."

ಮೇಷ್ಟ್ರ ಕೈಯಲ್ಲಿದ್ದ ಪುಟ್ಟ ಕುಂಚ ನಿಂತಿತು.

"ಕಟ್ಟಡದ ನಕ್ಷೆ ಅದರಲ್ಲಿ ತೆರೆಯೋದೇ ಇಲ್ಲ, ಪಾಪ. ಬೆಳಿಗ್ಗೆ ಏಳಕ್ಕೇ ಬಂದು ಲ್ಯಾಬಿನ ಮೆಟ್ಟಿಲ ಮೇಲೆ ಕೂತಿರ್ತಾಳೆ, ನಾನು ಬೀಗ ತೆಗೆಯೋ ತನಕ. ಸೋಮವಾರದಿಂದ ಎರಡು ವಾರ ಲ್ಯಾಬ್ ಮುಚ್ಚುತ್ತೆ, ವೈರಿಂಗ್ ಕೆಲಸ ಇದೆ. ಆ ಎರಡು ವಾರದೊಳಗೇ ಇವರ ದೊಡ್ಡ ನಕ್ಷೆ ಒಪ್ಪಿಸಬೇಕು. ಒಪ್ಪಿಸದಿದ್ರೆ ವರ್ಷವೇ ಹೋಯ್ತು. ಬೇರೆ ತಗೋಬಾರದಾ ಅಂದೆ. ನಮ್ಮಪ್ಪ ಕೈಯಾರೆ ಮಾಡಿದ್ದು ಮೇಡಂ, ಹೇಗೆ ಹೇಳಲಿ ಅಂತಾಳೆ."

ಏಳು ಗಂಟೆಗೆ ಸ್ಪೆಷಲ್ ಕ್ಲಾಸು ಎಂದು ಮಗಳು ದಿನಾ ಮನೆ ಬಿಡುತ್ತಿದ್ದಳು. ಯಾವ ಕ್ಲಾಸು ಎಂದು ಮೇಷ್ಟ್ರು ಕೇಳಿದವರಲ್ಲ. ಕುಂಚವನ್ನು ಶೀಶೆಗೆ ಇಳಿಸಿ ಮುಚ್ಚಳ ಬಿಗಿದರು. ಆ ಹುಡುಗಿ ತಮ್ಮ ಮಗಳೇ ಎಂದು ಹೇಳುವ ಧೈರ್ಯ ಬರಲಿಲ್ಲ.

ಸಂಜೆ ನಾಲ್ಕೂವರೆಗೆ ಮಗಳು ಎಂದಿನಂತೆ ಕಾಲೇಜು ಮುಗಿಸಿ ಅಂಗಡಿಗೆ ಬಂದಳು. ಹೆಗಲ ಮೇಲಿನ ಚೀಲ ಭಾರಕ್ಕೆ ಒಂದು ಕಡೆ ಜಗ್ಗಿತ್ತು. ಆ ಭಾರ ಯಾರದೆಂದು ಮೇಷ್ಟ್ರಿಗೆ ಗೊತ್ತಿತ್ತು.

"ನಿನ್ನ ಓದಿಗೆ ಎಂಥಾ ಕಂಪ್ಯೂಟರ್ ಬೇಕಮ್ಮ?"

ಅವಳು ಅಪ್ಪನ ಮುಖವನ್ನೇ ನೋಡಿದಳು. "ಕಾಲೇಜಿನವರು ಪಟ್ಟಿ ಕೊಟ್ಟಿದ್ರಲ್ಲ. ಸೇರಿದ ದಿನವೇ ತಂದು ನಿನ್ನ ಮೇಜಿನ ಮೇಲೆ ಇಟ್ಟಿದ್ದೆ."

"ನಾನು ನೋಡಲೇ ಇಲ್ಲ."

"ದಿನಾ ನೋಡ್ತೀಯ ಅಪ್ಪ. ನಿನ್ನ ಸ್ಕ್ರೂ ಕೆಳಗೇ ಇದೆ."

ಮೇಷ್ಟ್ರು ಹಾಳೆಯನ್ನು ನೋಡಿದರು. ಸ್ಕ್ರೂಗಳನ್ನು ಬಳಿದು, ಯಾವುದು ಎಲ್ಲಿಯದೆಂದೂ ನೋಡದೆ ಒಂದು ಡಬ್ಬಿಗೆ ಸುರಿದರು. ಉಗುರಿನಿಂದ ನಾಲ್ಕೂ ಮೂಲೆಯ ಟೇಪು ಕೆರೆದರು. ಊರಿಗೆಲ್ಲ ತಿರುವಿ ನೋಡಿ ಎಂದು ಬೋಧಿಸಿದ ಮನುಷ್ಯ, ಎರಡು ವರ್ಷ ಕೈಕೆಳಗೇ ಇದ್ದ ಹಾಳೆಯನ್ನು ಆಗ ತಿರುವಿದರು. ಕಟ್ಟಡ ವಿನ್ಯಾಸದ ವಿದ್ಯಾರ್ಥಿಗಳು ಕೊಳ್ಳಬೇಕಾದ ಕಂಪ್ಯೂಟರ್ ಎಂದು ಮೇಲೆ ಅಚ್ಚಾಗಿತ್ತು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕಡ್ಡಾಯ ಎಂಬ ಸಾಲಿನ ಕೆಳಗೆ ಅವಳು ಗೆರೆ ಎಳೆದಿದ್ದಳು. ಪಕ್ಕದಲ್ಲಿ ಅವಳದೇ ಅಕ್ಷರ: "ಅಪ್ಪನನ್ನು ಕೇಳಬೇಕು, ಅವರಿಗೆ ಎಲ್ಲಾ ಗೊತ್ತು."

ಅದನ್ನು ಎರಡು ಸಲ ಓದಿದರು. ಹಾಳೆ ಮಡಚಿ ಜೇಬಿಗಿಟ್ಟು ಷಟರ್ ಎಳೆದರು.

"ಆ ದೊಡ್ಡ ಅಂಗಡಿಗೇ ಹೋಗೋಣ ನಡಿ."

"ಅಲ್ಲಿ ನೀನು ಮಾತಾಡಬಾರದು."

"ಆಡಲ್ಲ."

ಅಲ್ಲಿ ಟೈ ಕಟ್ಟಿದ ಮಾರಾಟಗಾರ, ಮಾನವಿಲ್ಲದವರ ಪಂಗಡದವನೇ, ಮೊದಲು ಅವಳ ಕಡೆ ತಿರುಗಿ, "ಏನು ಓದ್ತಾ ಇದೀರಾ?" ಎಂದು ಕೇಳಿದ. ಮಗಳು ಹೇಳತೊಡಗಿದಳು. ಒಂದು ಆಸ್ಪತ್ರೆಯ ನಕ್ಷೆಯಂತೆ, ಪ್ರತಿ ಹಾಸಿಗೆಗೂ ಒಂದು ಕಿಟಕಿ ಸಿಗಬೇಕಂತೆ, ಬೆಳಕು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆಂದು ಕಂಪ್ಯೂಟರಿನಲ್ಲಿ ತಿರುಗಿಸಿ ತಿರುಗಿಸಿ ನೋಡಬೇಕಂತೆ. ಮೇಷ್ಟ್ರು ಅವಳ ಭಾರದ ಚೀಲ ಹಿಡಿದುಕೊಂಡು ಹಿಂದೆ ನಿಂತು ಕೇಳಿದರು. ಅವಳು ಆರಿಸಿದ ಮಷೀನಿನ ಕೀಬೋರ್ಡಿನಲ್ಲಿ ಬಣ್ಣಬಣ್ಣದ ದೀಪ ಹತ್ತುತ್ತಿತ್ತು. ಅವರು ಅದನ್ನು ತಿರುವಿ ನೋಡಲಿಲ್ಲ.