ನನ್ನ ತಮ್ಮನನ್ನು ಶನಿ ಮಾಡಿದ ಮಾಸ್ತರರು

ಮಾತು ಹೊರಬರುವ ಮೊದಲೇ ಅವರ ಗಂಟಲಮಣಿ ಮೇಲಕ್ಕೇರುತ್ತಿತ್ತು. ಆ ಉದ್ದ ಕೊರಳಿನಲ್ಲಿ ಅದು ಹತ್ತಿ ಇಳಿಯುವುದನ್ನು ನೋಡುತ್ತ ನಾವು ಮುಂದಿನ ಶಬ್ದಕ್ಕಾಗಿ ಕಾಯುತ್ತಿದ್ದೆವು. ಮಾಸ್ತರರು ಚಿತ್ತಾಪುರದವರು, ಮನೆಮಾತು ಕನ್ನಡ, ಕಲಿತದ್ದೆಲ್ಲ ಉರ್ದುವಿನಲ್ಲಿ. ನಿಜಾಮನ ಆಳ್ವಿಕೆ ಮುಗಿದು, ಸೇಡಂ ಕಡೆಯ ಮುಧೋಳದ ಹತ್ತಿರದ ನಮ್ಮೂರ ಶಾಲೆ ಕನ್ನಡಕ್ಕೆ ತಿರುಗಿದಾಗ ಅವರು ತಡವರಿಸತೊಡಗಿದರು. ಪಾಠದ ಶಬ್ದ ಮೊದಲು ಉರ್ದುವಿನಲ್ಲೇ ನಾಲಗೆಗೆ ಬರುತ್ತಿತ್ತು.

"ಮಿರ್ರೀಖ್... ಮಿರ್ರೀಖ್ ಅಂದ್ರ ಮಂಗಳ. ಜುಹಲ್ ಅಂದ್ರ ಶನಿ."

ಅವರು ಯಾರನ್ನೂ ಹೊಡೆಯುತ್ತಿರಲಿಲ್ಲ. ಯಾರಾದರೂ ಪ್ರಶ್ನೆ ಕೇಳಿದರೆ ಕರಿ ಟೋಪಿ ತೆಗೆದು ತಲೆ ಕೆರೆದುಕೊಂಡು, "ಚಲೋ ಕೇಳ್ದಿ ನೋಡು" ಎಂದು ಮಗುವಿನಂತೆ ಹಿಗ್ಗುತ್ತಿದ್ದರು.

ಗ್ರಹಗಳ ಪಾಠಕ್ಕೆ ಅವರು ನಮ್ಮನ್ನು ಅಂಗಳಕ್ಕೆ ಕರೆದೊಯ್ದರು. ಶಹಾಬಾದಿನ ಫರಸಿಕಲ್ಲು ಹಾಸಿದ ನೆಲ. ಹಗ್ಗದ ಒಂದು ತುದಿಯನ್ನು ಒಬ್ಬನ ಕೈಗೆ ಕೊಟ್ಟು ನಡುವೆ ನಿಲ್ಲಿಸಿ, ಇನ್ನೊಂದು ತುದಿ ತಾವು ಹಿಡಿದು, ಬಗ್ಗಿಕೊಂಡೇ ಸುಣ್ಣದಲ್ಲಿ ಸುತ್ತು ಸುತ್ತು ಗೆರೆ ಎಳೆದರು. ಒಂದೊಂದು ಗೆರೆಯ ಮೇಲೆ ಒಬ್ಬೊಬ್ಬರು. ನಾನು ಭೂಮಿಯಾದೆ. ಶನಿಯ ಸರದಿ ಬಂದಾಗ ಮಾತ್ರ ಎಲ್ಲರೂ ಹಿಂದೆ ಸರಿದರು.

"ಶನಿ ಬ್ಯಾಡ್ರಿ ಮಾಸ್ತರ. ಮನ್ಯಾಗ ಬೈತಾರ."

ಮಾಸ್ತರರು ನಕ್ಕರು. "ಅದು ಬರೇ ಗ್ರಹ ಅದ್ರೋ. ನಮ್ಮನ್ನ ನೋಡ್ಲಿಕ್ಕೆ ಅದಕ್ಕ ಕಣ್ಣಾರ ಎಲ್ಲಿ ಅವ?"

ಶನಿಗೆ ಬಳೆ ಬೇಕೆಂದು ಅವರು ಬಲೆ ಹರಿದ ಜರಡಿಯೊಂದನ್ನು ತಂದಿದ್ದರು. ನನ್ನ ತಮ್ಮನ ಕಣ್ಣು ಅದರ ಮೇಲೇ ಇತ್ತು.

"ನಾ ಆಗ್ತೀನ್ರಿ ಶನಿ. ಆ ಬಳಿ ನನಗ ಕೊಡ್ರಿ!"

ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನು ದೂರದ ದೊಡ್ಡ ಗೆರೆಯ ಮೇಲೆ ನಗುತ್ತ ಸುತ್ತಿದ. ಮನೆಗೆ ಬಂದು ಅವ್ವನಿಗೂ ಕುಣಿದು ತೋರಿಸಿದ.

ಆ ವಾರವೇ ಅವನಿಗೆ ಜ್ವರ ಬಂತು. ಸೇಡಂನಿಂದ ಡಾಕ್ಟರನ್ನು ಕರೆತರಲು ಅಪ್ಪ ಗಾಡಿ ಹೂಡಿಕೊಂಡು ಹೋದ. ಅವನು ತಿರುಗಿ ಬರುವುದರೊಳಗೆ ಎಲ್ಲ ಮುಗಿದಿತ್ತು.

ಮಣ್ಣು ಕೊಟ್ಟ ಮರುದಿನ ಮಾಸ್ತರರು ಬಂದರು. ಟೋಪಿ ಕೈಯಲ್ಲಿತ್ತು. ಅವ್ವ ಕಂಬಕ್ಕೆ ಒರಗಿ ಕೂತವಳು ಎದ್ದುಬಂದಳು.

"ನನ್ನ ಕೂಸಿನ ಮೈಮ್ಯಾಲೆ ಶನಿ ಕರದಿ. ಈಗ ಇಳಿಸು ಮಾಸ್ತರ. ಇಳಿಸಿ ನನ್ನ ಕೂಸು ನನಗ ಕೊಡು."

ಅಷ್ಟು ದಿನ ಅವರಿಗೆ ಸೆರಗು ಹೊದ್ದು "ಬರ್ರಿ, ಕುಂದ್ರಿ" ಎನ್ನುತ್ತಿದ್ದವಳು ನನ್ನವ್ವ. ಮಾಸ್ತರರ ಗಂಟಲಮಣಿ ಏರಿತು, ಇಳಿಯಿತು. ಅಪ್ಪ ನೆಲ ನೋಡುತ್ತ ಕೂತಿದ್ದ. ಅವರು ಹಾಗೇ ಹೊರಟುಹೋದರು.

ಊರವರು ಶಾಲೆಯ ಅಂಗಳವನ್ನು ಸಗಣಿ ನೀರಿನಿಂದ ತೊಳೆಸಿದರು. ಕೆಲವರು ಮಕ್ಕಳನ್ನು ಬಿಡಿಸಿದರು. ನನ್ನನ್ನೂ ಬಿಡಿಸಿದರು. ಆಮೇಲೆ ಮಾಸ್ತರರು ಮಗ್ಗಿಯ ಹೊರತು ಬೇರೇನೂ ಹೇಳಿಕೊಡುವುದಿಲ್ಲವೆಂದು ಓರಗೆಯವರು ಹೇಳುತ್ತಿದ್ದರು.

ಒಂದು ಶನಿವಾರ ಹಣಮಪ್ಪನ ಗುಡಿಯಲ್ಲಿ ಅವರನ್ನು ಕಂಡೆ. ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಶನಿಕಾಟ ಕಳೆಯಲೆಂದು ಊರವರು ಹಾಕುವಂತೆಯೇ. ನಾನು ಹತ್ತಿರ ಹೋಗಿ ಕೇಳಿದೆ.

"ಮಾಸ್ತರ, ಅದು ಬರೇ ಗ್ರಹ ಅಂತ ನೀವೇ ಹೇಳಿದ್ರಿ."

"ಹೌದವ್ವ, ಬರೇ ಗ್ರಹನೇ."

"ಮತ್ತ ಎಣ್ಣಿ ಯಾಕ್ರಿ?"

ಅವರು ದೀಪದ ಬತ್ತಿ ಸರಿಮಾಡಿದರು. "ನಿಮ್ಮವ್ವಗ ಹೇಳ್ಲಿಕ್ಕೆ ನನ್ನ ಹತ್ರ ಏನೂ ಇಲ್ಲ. ಅದಕ್ಕ ಹಾಕ್ಲಿಕತ್ತೀನಿ." ಆಮೇಲೆ ತಮಗೆ ತಾವೇ ಹೇಳಿಕೊಳ್ಳುವಂತೆ, "ಜುಹಲ್ ಅಂತಿದ್ದೆ ಮೊದ್ಲ. ಜುಹಲ್ ಅಂದ್ರ ಯಾರೂ ಅಂಜ್ತಿರ್ಲಿಲ್ಲ" ಎಂದರು.

ಮೆಟ್ಟಿಲಿಳಿಯುವಾಗ ತಿರುಗಿ ಕೇಳಿದರು: "ಸಾಲಿಗೆ ಬರಂಗಿಲ್ಲೇನವ್ವ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅಕ್ಷರ ಕೂಡಿಸಿ ಓದುವಷ್ಟನ್ನು ಅವರಿಂದ ಕಲಿತಿದ್ದೆ. ಮುಂದೆ ನನಗೆ ಯಾರೂ ಏನೂ ಕಲಿಸಲಿಲ್ಲ. ಇದನ್ನು ಬರೆಯುತ್ತಿರುವುದೂ ಅಷ್ಟರ ಬಲದಿಂದಲೇ.

ಅವರನ್ನು ಚಿಂಚೋಳಿ ಕಡೆ ವರ್ಗ ಮಾಡಿದರು. ಹೈದರಾಬಾದ್ ರಾಜ್ಯ ಒಡೆದು ನಮ್ಮ ಸೀಮೆ ಮೈಸೂರಿಗೆ ಸೇರುತ್ತದೆಂದು ಜನ ಮಾತಾಡುತ್ತಿದ್ದ ವರ್ಷ, ಅದೇ ಕಡೆಯ ಕೊಡ್ಲಿಯಿಂದ ಬಂದ ಸೋದರಮಾವ ಊಟಕ್ಕೆ ಕೂತಾಗ ಸುದ್ದಿ ಹೇಳಿದ. ಮಾಸ್ತರರು ತೀರಿಹೋಗಿದ್ದರು. ಕಡೆಗಾಲದಲ್ಲಿ ಯಾರ ಕೂಡೆಯೂ ಮಾತಾಡುತ್ತಿರಲಿಲ್ಲವಂತೆ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದರೂ ಅವಳು ತೆಗೆಯಲಿಲ್ಲ.

"ಆ ವರ್ಷ ಓಣ್ಯಾಗ ಎಲ್ಲಾರ ಮನ್ಯಾಗೂ ಜ್ವರ ಇತ್ತು," ಎಂದಳು.

ಮಾವ ಅರ್ಧ ಊಟಕ್ಕೇ ಕೈ ತೊಳೆದು ಎದ್ದ.